ನಡುಗಿದ ಸಹಿಯೇ ಅಧಿಕೃತ

ಒಂದು ಒಗಟು. ಕಬ್ಬಿಣದ ಹೊಟ್ಟೆ, ಒಳಗೆ ಬಿಳಿ ಮರಳು. ಬೇಡದವನಿಗೆ ಸಿಗುತ್ತೆ, ಬೇಕಾದವನಿಗೆ ಸಿಗಲ್ಲ. ಏನು ಹೇಳಿ? ತಲೆ ಕೆರೆದುಕೊಳ್ಳಬೇಡಿ, ಬರಲ್ಲ. ಬರಬೇಕಾದರೆ ನಮ್ಮ ಚಿಕ್ಕಪ್ಪ ಗುಮಾಸ್ತರಾಗಿರುವ ಮನೆ ತೆರಿಗೆ ಕಚೇರಿಯಲ್ಲಿ ನೀವು ಮಧ್ಯಾಹ್ನ ಎರಡು ಗಂಟೆಗೆ ಇರಬೇಕು.

ಸದರಿ ಕಚೇರಿಯಲ್ಲಿ ನಲವತ್ತೊಂದು ಜನ ಸಿಬ್ಬಂದಿ. ಸಕ್ಕರೆ ಕಾಯಿಲೆ ಇರುವುದು ಚಿಕ್ಕಪ್ಪ ಒಬ್ಬರಿಗೇ. ಪ್ರತಿ ಕಚೇರಿಯೂ ಒಂದು ಕಾಯಿಲೆಯನ್ನು ಆರಿಸಿಕೊಂಡು ಮೂರು ತಿಂಗಳೊಳಗೆ ಗೆಲ್ಲತಕ್ಕದ್ದು ಎಂದು ಮೇಲಿನಿಂದ ಆದೇಶ ಬಂದಾಗ, ಸಾಹೇಬರು ಕೈಗೆ ಸಿಕ್ಕ ಕಾಯಿಲೆಯನ್ನೇ ಆರಿಸಿಕೊಂಡರು. ‘ಸಕ್ಕರೆಮುಕ್ತ ಕಚೇರಿ’ ಎಂಬ ಬ್ಯಾನರು ಬಂತು. ಅದರಲ್ಲಿ ಫಲಾನುಭವಿ ಅಂತ ಚಿಕ್ಕಪ್ಪನ ಫೋಟೋ. ಗುರುತಿನ ಚೀಟಿಯಿಂದ ಎಳೆದು ದೊಡ್ಡದು ಮಾಡಿದ್ದರಿಂದ ‘ಕಾಣೆಯಾಗಿದ್ದಾರೆ’ ಪ್ರಕಟಣೆಯ ಥರ ಇತ್ತು.

ಸುತ್ತೋಲೆ ಹೀಗಿತ್ತು: “ಸಕ್ಕರೆ, ಮಿಠಾಯಿ, ಬಿಸ್ಕತ್ತು ಹಾಗೂ ಸಿಹಿಯೆಂದು ಅನುಮಾನ ಬರುವ ಸಕಲ ಪದಾರ್ಥಗಳನ್ನು ಕಚೇರಿಯ ಆವರಣದೊಳಗೆ ತರತಕ್ಕದ್ದಲ್ಲ. ಹಣ್ಣುಗಳನ್ನು ಕಾಯಿಯಾಗಿರುವಾಗಲೇ ತಿನ್ನತಕ್ಕದ್ದು.”

ತಪಾಸಣೆಯ ದಿನ ಮೊದಲು ಸಿಕ್ಕಿಬಿದ್ದವರು ಫಲಾನುಭವಿಯೇ. ಜೇಬಲ್ಲಿ ನಾಲ್ಕು ಪೆಪ್ಪರಮಿಂಟು. ಇಂಜೆಕ್ಷನ್ ಚುಚ್ಚಿಕೊಂಡ ಮೇಲೆ ಊಟ ತಡವಾದರೆ ಸಕ್ಕರೆ ಪಾತಾಳಕ್ಕಿಳಿಯುತ್ತೆ, ಬೆವರು ಕಿತ್ತುಕೊಂಡು ಕೈ ನಡುಗುತ್ತೆ, ಆಗ ಬಾಯಿಗೆ ಸಿಹಿ ಬೀಳದಿದ್ದರೆ ಪ್ರಾಣಕ್ಕೇ ಸಂಚಕಾರ ಅಂತ ಚಿಕ್ಕಪ್ಪ ಬಿಡಿಸಿ ಹೇಳಿದರು. ಸಾಹೇಬರು ಪೂರ್ತಿ ಕೇಳಿಸಿಕೊಂಡರು.

“ಕಾಯಿಲೆ ಅಂದ್ಮೇಲೆ ಅದಕ್ಕೊಂದು ನಿಲುವು ಬೇಡವೇನ್ರೀ? ಸಕ್ಕರೆ ಏರುತ್ತೋ, ಇಳಿಯುತ್ತೋ? ಒಂದನ್ನ ಬರೆದುಕೊಡಿ.”

ಚಿಕ್ಕಪ್ಪ ಎರಡನ್ನೂ ಬರೆದುಕೊಟ್ಟರು. ಸಾಹೇಬರು ಕಟುಕರಲ್ಲ. ‘ತುರ್ತು ಸಕ್ಕರೆ’ ಅಂತ ಕಾಲು ಕೆಜಿ ಮಂಜೂರು ಮಾಡಿ, ಡಬ್ಬಿಯನ್ನು ಉಗ್ರಾಣದ ಕಬ್ಬಿಣದ ಬೀರುವಿನಲ್ಲಿ ಇಡಿಸಿದರು. ಬೀಗದ ಕೈ ಉಗ್ರಾಣ ನೋಡಿಕೊಳ್ಳುವ ಬೀಗದಕ್ಕನ ಸೊಂಟದಲ್ಲಿ. ಅರ್ಜಿ ಕೊಡಬೇಕು, ಅರ್ಜಿಯ ಸಹಿ ಸೇವಾ ಪುಸ್ತಕದ ಮಾದರಿ ಸಹಿಗೆ ತಾಳೆಯಾಗಬೇಕು, ಆಮೇಲೆ ಎರಡು ಚಮಚ. ಒಗಟು ಬಿಡಿಸಿದ್ದಾಯ್ತು.

ಮಂಗಳವಾರ ಚಿಕ್ಕಪ್ಪ ಎಂದಿನಂತೆ ಹನ್ನೆರಡೂವರೆಗೆ ಹೊಟ್ಟೆಗೆ ಸೂಜಿ ಚುಚ್ಚಿಕೊಂಡು ಊಟದ ಡಬ್ಬಿ ಬಿಚ್ಚುವಷ್ಟರಲ್ಲಿ ಸಾಹೇಬರ ಕೋಣೆಯಿಂದ ಕರೆ ಬಂತು. ತುರ್ತು ಸಭೆ. ವಿಷಯ: ಸಕ್ಕರೆ ಕಾಯಿಲೆಯವರು ಹೊತ್ತಿಗೆ ಸರಿಯಾಗಿ ಊಟ ಮಾಡಬೇಕಾದ ಅಗತ್ಯ. ಸಾಹೇಬರು ಎರಡು ಗಂಟೆಯವರೆಗೆ ಮಾತಾಡಿದರು. ನಡುವೆ ಎದ್ದುಹೋಗಲು ಫಲಾನುಭವಿಗೆ ಅವಕಾಶವಿರಲಿಲ್ಲ, ಸಭೆ ಅವರ ಸಲುವಾಗಿಯೇ ಇತ್ತು.

ಉಗ್ರಾಣಕ್ಕೆ ಬಂದಾಗ ಚಿಕ್ಕಪ್ಪನ ಅಂಗಿ ಒದ್ದೆ. ಅರ್ಜಿ ಬರೆದರು. ಸಹಿ ಹಾಕಿದರು. ಬೀಗದಕ್ಕ ಸೇವಾ ಪುಸ್ತಕ ಪಕ್ಕಕ್ಕಿಟ್ಟುಕೊಂಡು ಭೂತಗನ್ನಡಿ ಹಿಡಿದರು.

“ಅಣ್ಣಾ, ಇದು ನಿಮ್ಮ ಸಹಿ ಅಲ್ಲ.”

“ನಿನ್ನ ಕಣ್ಮುಂದೇ ಹಾಕಿದ್ನಲ್ಲಮ್ಮ.”

“ನೀವು ಹಾಕಿದ್ದು ಹೌದು. ನಿಮ್ಮದಲ್ಲ. ಪುಸ್ತಕದಲ್ಲಿ ನೆಟ್ಟಗಿದೆ, ಇಲ್ಲಿ ಎರೆಹುಳ ಓಡಾಡಿದ ಹಾಗಿದೆ.”

“ಕೈ ನಡುಗ್ತಿದೆ ತಾಯಿ, ಅದಕ್ಕೇ ಸಕ್ಕರೆ ಕೇಳ್ತಿರೋದು.”

“ನಡುಕ ನಿಂತ ಮೇಲೆ ಬಂದು ಸಹಿ ಹಾಕಿ. ಒಂದು ನಿಮಿಷ ಕಾಯಿಸಲ್ಲ, ಆಗಲೇ ಕೊಡ್ತೀನಿ.”

ಚಿಕ್ಕಪ್ಪ ಗೋಡೆಗೆ ಒರಗಿ ಮೆಲ್ಲಗೆ ಜಾರಿ ಕೂತರು. ಬೀಗದಕ್ಕ ಬೀರುವಿನ ಕಡೆ ನೋಡಿದರು, ಅರ್ಜಿಯ ಕಡೆ ನೋಡಿದರು. ನಿಯಮ ನಿಯಮವೇ. ಹಳೇ ರಿಜಿಸ್ಟರುಗಳ ಹಿಂದೆ ಕೈ ತೂರಿಸಿ ತಮ್ಮ ಫ್ಲಾಸ್ಕು ತೆಗೆದರು. ಒಳಗೆ ಟೀ, ಲೋಟಕ್ಕೆ ನಾಲ್ಕು ಚಮಚ ಸಕ್ಕರೆಯದು. ತಾವೇ ಹಿಡಿದು ಕುಡಿಸುತ್ತಾ ಕಿವಿಯಲ್ಲಿ ಹೇಳಿದರು: “ನಾನು ಕೊಟ್ಟಿಲ್ಲ, ನೀವು ಕುಡಿದಿಲ್ಲ. ಗುಟುಕರಿಸಿ.”

ಕಾಲು ಗಂಟೆಯಲ್ಲಿ ಚಿಕ್ಕಪ್ಪ ಎದ್ದು ಕೂತು ಊಟದ ಡಬ್ಬಿ ಕೇಳಿದರು. ಅಷ್ಟರಲ್ಲಿ ಬಂದ ಸಾಹೇಬರು ಬೀರುವಿನ ಡಬ್ಬಿಯ ಸಕ್ಕರೆ ತೂಗಿಸಿದರು. ಕಾಲು ಕೆಜಿಗೆ ಒಂದು ಹರಳೂ ಕಮ್ಮಿ ಇಲ್ಲ. “ಫಲಾನುಭವಿಯು ಸಕ್ಕರೆ ಇಲ್ಲದೆಯೇ ಚೇತರಿಸಿಕೊಂಡಿರುತ್ತಾರೆ, ಅಭಿಯಾನ ಯಶಸ್ವಿ” ಎಂದು ವರದಿ ಹೋಯಿತು. ಮುಂದೆ ಇಂಥ ತೊಡಕು ಬರಬಾರದೆಂದು ಸೇವಾ ಪುಸ್ತಕದ ಹಳೇ ಸಹಿ ಹೊಡೆದುಹಾಕಿ, ನಡುಗಿದ ಸಹಿಯನ್ನೇ ಮಾದರಿ ಮಾಡಲಾಯಿತು. ಚಿಕ್ಕಮ್ಮ ಅವತ್ತು ಮನೆಯಲ್ಲಿ ದೇವರಿಗೆ ದೀಪ ಹಚ್ಚಿದರು.

ಮಾರನೇ ಬೆಳಿಗ್ಗೆ ಚಿಕ್ಕಪ್ಪ ಹೊತ್ತಿಗೆ ತಿಂದು ಗುಂಡುಕಲ್ಲಿನ ಹಾಗೆ ಬಂದು ಹಾಜರಿ ಪುಸ್ತಕದಲ್ಲಿ ನೆಟ್ಟಗೆ ಸಹಿ ಹಾಕಿದರು. ತಾಳೆಯಾಗಲಿಲ್ಲ. ಗೈರು. ಗುರುವಾರವೂ ಗೈರು. ಈಗ ಅವರು ಹುಷಾರಾಗಿದ್ದಷ್ಟು ದಿನ ಕಚೇರಿಯಲ್ಲಿ ಇರುವುದಿಲ್ಲ. ಫೈಲು ಹಿಡಿದು ಬಂದವರು ಬಾಗಿಲಲ್ಲೇ ನಿಂತು ಮರ್ಯಾದೆಯಿಂದ ವಿಚಾರಿಸುತ್ತಾರೆ: “ಅಣ್ಣಾ, ನಡುಕ ಬಂತಾ? ಇಲ್ಲ ಊಟ ಆದ್ಮೇಲೆ ಬರ್ಲಾ?” ಊಟ ಆದ ಮೇಲೆ ನಡುಕ ಬರುವುದಿಲ್ಲ ಎಂದು ಅವರಿಗೂ ಗೊತ್ತು.

ಕಡೆಗೆ ಸಾಹೇಬರೇ ದಾರಿ ಹುಡುಕಿದರು. ಒಂದು ಕಾಲು ಎರಡು ಇಂಚು ಗಿಡ್ಡವಿರುವ ಮೇಜೊಂದನ್ನು ‘ಸಹಿಗೆ ಮಾತ್ರ’ ಎಂದು ಬರೆಸಿ ಚಿಕ್ಕಪ್ಪನಿಗೆ ಕೊಡಿಸಿದರು. ಅದರ ಮೇಲೆ ಯಾರು ಬರೆದರೂ ಎರೆಹುಳವೇ. ಈಗ ಚಿಕ್ಕಪ್ಪ ಹೊತ್ತಿಗೆ ಉಣ್ಣುತ್ತಾರೆ, ದಿನಾ ಹಾಜರಿರುತ್ತಾರೆ, ಎಲ್ಲರಿಗೂ ಸಮಾಧಾನ.

ಈ ಕುಂಟು ಮೇಜಿನ ಕೊನೆ ಮಾತ್ರ ನಾನು ಕಟ್ಟಿದ್ದು. ಮೇಜು ಬೇಕೆಂದು ಚಿಕ್ಕಪ್ಪ ಅರ್ಜಿ ಕೊಟ್ಟದ್ದು ನಿಜ. ಆದರೆ ಅವತ್ತು ಅವರ ಸಕ್ಕರೆ ಸರಿಯಾಗಿತ್ತು. ಸಹಿ ನೆಟ್ಟಗಿದೆ ಅಂತ ಅರ್ಜಿ ವಾಪಸು ಬಂತು.