ಹಸಿರು ಶೀಟಿನ ಕೆಳಗೆ ಗೌರಮ್ಮ

ದೇವರು ನನಗೆ ಎತ್ತರ ಕೊಡಲಿಲ್ಲ, ತಲೆಗೂದಲು ಕೊಟ್ಟು ವಾಪಸು ತೆಗೆದುಕೊಂಡ. ಆದರೆ ಕಣ್ಣು ಮಾತ್ರ ಧಾರಾಳವಾಗಿ ಕೊಟ್ಟಿದ್ದಾನೆಂದು ನಾನು ಬಲವಾಗಿ ನಂಬಿದ್ದೆ. ಆ ನಂಬಿಕೆಯ ಮೇಲೆಯೇ ಬಳ್ಳಾರಿಯ ಗಾಂಧಿನಗರದಲ್ಲಿ ಫೋಟೋ ಸ್ಟುಡಿಯೋ ತೆರೆದಿದ್ದೆ. ಅದು ಎಪ್ಪತ್ತರ ದಶಕ. ಬಣ್ಣದ ಫಿಲಂ ನಮ್ಮಂಥವರ ಕೈಗೆ ಎಟುಕುತ್ತಿರಲಿಲ್ಲ. ಕಪ್ಪು ಬಿಳುಪು ಫೋಟೋ ತೆಗೆದು, ಅದರ ಮೇಲೆ ಕುಂಚದಿಂದ ಬಣ್ಣ ತುಂಬುವುದು ರೂಢಿ. 'ಇಲ್ಲಿ ನೈಜ ಬಣ್ಣ ತುಂಬಲಾಗುವುದು' ಎಂದು ಬೋರ್ಡು ಬರೆಸಿದ್ದೆ. ನೈಜ!

ಬಣ್ಣ ತುಂಬುವ ಕೋಣೆಗೆ ಮೇಲ್ಛಾವಣಿಯಲ್ಲಿ ಒಂದು ಗವಾಕ್ಷಿಯಿತ್ತು. ಬೆಳಕಿನ ಜೊತೆ ಬಳ್ಳಾರಿಯ ಬಿಸಿಲೂ ಅಲ್ಲಿಂದಲೇ ಇಳಿದು ನನ್ನ ಬೋಳು ತಲೆಯ ಮೇಲೆ ಕೂರುತ್ತಿತ್ತು. ಆ ಬೇಸಿಗೆಯಲ್ಲಿ ಸಿರುಗುಪ್ಪದ ಮಾವನವರು ತಮ್ಮ ಅಕ್ಕಿ ಗಿರಣಿಯಲ್ಲಿ ಉಳಿದಿದ್ದ ಹಸಿರು ಪ್ಲಾಸ್ಟಿಕ್ ಶೀಟೊಂದನ್ನು ಕೊಟ್ಟರು. ಪಕ್ಕದ ಅಂಗಡಿಯ ದರ್ಜಿ ಖಾದರ್ ಸಾಬರು ಏಣಿ ಹಿಡಿದರು, ನಾನು ಹತ್ತಿ ಗವಾಕ್ಷಿಗೆ ಅದನ್ನು ಬಡಿದೆ. ಕೋಣೆ ತಂಪಾಯಿತು. ಜೊತೆಗೆ ಹಸಿರೂ ಆಯಿತು. ಎರಡು ದಿನದಲ್ಲಿ ಆ ಹಸಿರು ನನ್ನ ಕಣ್ಣಿಗೆ ಬೀಳುವುದೇ ನಿಂತುಹೋಯಿತು.

ಹೆಂಡತಿ ಶಾಂತಾ ಚಹಾ ತಂದವಳು ಬಾಗಿಲಲ್ಲೇ ನಿಂತಳು.

"ಏನ್ರೀ ಇದು! ನಿಮಗ ಕಾಮಾಲಿ ಆದಂಗ ಕಾಣ್ತೈತಿ!"

"ನನ್ನ ಕಣ್ಣಿಗೆ ಎಲ್ಲಾ ಸರಿ ಐತಿ."

"ಖಾದರ್ ಸಾಬರನ್ನ ನೋಡ್ರಿ. ಒಂದು ದಾರ ಹೊಂದಸಾಕ ಬಟ್ಟಿ ಹಿಡಕೊಂಡು ಬೀದಿಗೆ ಹೋಗ್ತಾರ. ನಾವು ಸೀರಿ ತಗೊಳ್ಳಾಕ ಹೋದ್ರೂ ಅಂಗಡಿ ಹೊಸ್ತಿಲಿಗೆ ತಂದು ಬಿಸಲಾಗ ನೋಡ್ತೀವಿ. ನೀವು ಒಂದ್ಸಲ ಹೊರಗ ಹಿಡದು ನೋಡ್ರಿ."

"ಫೋಟೋ ಏನು ಸಂಡಿಗಿಯೇನು, ಬಿಸಲಿಗೆ ಇಡಾಕ?" ಎಂದೆ. ಈ ಮಾತು ನನಗೆ ಎಷ್ಟು ಹಿಡಿಸಿತೆಂದರೆ, ಸಂಜೆ ಖಾದರ್ ಸಾಬರಿಗೂ ಹೇಳಿ ನಕ್ಕೆ. ಅವರು ನಗಲಿಲ್ಲ. ದಾರ ಹೊಂದಿಸುತ್ತಾ ಬೀದಿಯಲ್ಲಿ ನಿಂತಿದ್ದರು.

ಅದೇ ವಾರ ಕುರುಗೋಡಿನಿಂದ ಶರಣಪ್ಪನವರು ಬಂದರು. ಹಿಟ್ಟಿನ ಗಿರಣಿ ಇಟ್ಟುಕೊಂಡವರು. ಹುಬ್ಬಿನಲ್ಲಿ ಜೋಳದ ಹಿಟ್ಟು ಕೂತಿತ್ತು. ಹೆಂಡತಿ ಗೌರಮ್ಮ ತೀರಿಕೊಂಡು ವರ್ಷವಾಗುತ್ತಾ ಬಂದಿತ್ತು. ಆಕೆಯದು ಅಂತ ಇದ್ದದ್ದು ಒಂದೇ ಫೋಟೋ. ಅದೂ ಯಾರದೋ ಮದುವೆಯ ಗುಂಪಿನಲ್ಲಿ, ಹಿಂದಿನ ಸಾಲಿನಲ್ಲಿ. ಅದರಿಂದ ಮುಖ ದೊಡ್ಡದು ಮಾಡಿ, ಬಣ್ಣ ತುಂಬಿ, ವರ್ಷದ ಪೂಜೆಯ ದಿನಕ್ಕೆ ಕೊಡಬೇಕಿತ್ತು. ಗುರುತಿಗೆಂದು ಆಕೆ ಅಂದು ಉಟ್ಟಿದ್ದ ಸೀರೆಯನ್ನೇ ತಂದಿದ್ದರು. ಉಳ್ಳಾಗಡ್ಡಿ ಸಿಪ್ಪೆಯ ಬಣ್ಣದ್ದು.

"ಜ್ವಾಕಿರಿ. ಇನ್ನೂ ಒಗದಿಲ್ಲ. ಆಕಿ ವಾಸನಿ ಐತಿ ಅದರಾಗ," ಎಂದರು. ಆಮೇಲೆ ಸೀರೆಯ ಮಡಿಕೆ ಸರಿಪಡಿಸುತ್ತಾ, "ಆಕಿ ಬಣ್ಣ ಗೋದಿ ಬಣ್ಣ. ಭಾಳ ಕೆಂಪಲ್ಲ, ಭಾಳ ಕಪ್ಪಲ್ಲ. ಹೆಂಗ ಹೇಳಲಿ? ಮರತು ಹೋಗೂದರಾಗ ಒಂದು ಫೋಟೋ ಆಗಿಬಿಡಲಿ ಅಂತ," ಎಂದರು.

ಈ ಒಂದು ಫೋಟೋದಲ್ಲಿ ನನ್ನ ವಿದ್ಯೆಯನ್ನೆಲ್ಲ ಧಾರೆ ಎರೆಯುತ್ತೇನೆಂದು ಪಣ ತೊಟ್ಟೆ. ಎರೆದೆ ಕೂಡ. ಅದೇ ಅನಾಹುತ.

ಗೋದಿ ಬಣ್ಣ ಹಚ್ಚಿದೆ. ಮುಖ ಕಳಾಹೀನವಾಗಿ ಕಂಡಿತು. ಕೆನ್ನೆಗೆ ಸ್ವಲ್ಪ ಕೆಂಪು ಸೇರಿಸಿದೆ. ಸಾಲಲಿಲ್ಲ. ಇನ್ನಷ್ಟು ಸೇರಿಸಿದೆ. ಸತ್ತವರ ಮುಖಕ್ಕೆ ಜೀವ ತುಂಬುವುದು ಸುಲಭವೇ ಎಂದುಕೊಂಡು ಮತ್ತಷ್ಟು ಸೇರಿಸಿದೆ. ಕೊನೆಗೆ ಸೀರೆಯ ಸರದಿ. ಸೀರೆಯನ್ನು ಫೋಟೋದ ಪಕ್ಕದಲ್ಲೇ ಹರಡಿ, ಎರಡನ್ನೂ ಮೂರು ದಿನ ಹೋಲಿಸಿ ಹೋಲಿಸಿ ತುಂಬಿದೆ. ಎರಡೂ ಒಂದೇ ಬಣ್ಣವಾದವು. ಎಳ್ಳಷ್ಟೂ ವ್ಯತ್ಯಾಸವಿರಲಿಲ್ಲ! ನನ್ನ ಬೆನ್ನನ್ನು ನಾನೇ ತಟ್ಟಿಕೊಂಡು, ಅಲ್ಲೇ ಕಟ್ಟು ಹಾಕಿ, ಪೇಪರು ಸುತ್ತಿದೆ.

"ಹೊರಗ ನೋಡಿದ್ರ್ಯಾ?" ಶಾಂತಾ ಕೇಳಿದಳು.

"ಸಂಡಿಗಿ!" ಎಂದು ಹೇಳಿ ಬಸ್ಸು ಹತ್ತಿದೆ.

ಕುರುಗೋಡಿನ ಅವರ ಅಂಗಳದಲ್ಲಿ ಬೀಗರು, ನೆಂಟರು ತುಂಬಿದ್ದರು. ಶರಣಪ್ಪನವರು ಗೋಡೆಗೆ ಮೊಳೆ ಹೊಡೆದು, ಹೂವಿನ ಹಾರ ಕೈಯಲ್ಲಿ ಹಿಡಿದೇ ಕಾಯುತ್ತಿದ್ದರು. ನಾನು ನಡು ಅಂಗಳದಲ್ಲಿ, ಹತ್ತು ಗಂಟೆಯ ಬಿಸಿಲಿನಲ್ಲಿ ನಿಂತು, "ಕಲಾವಿದನಾದವನು ಬಣ್ಣವನ್ನಲ್ಲ, ಬಾಳನ್ನೇ ಚಿತ್ರಿಸಬೇಕು" ಎಂದು ಎರಡು ಮಾತಾಡಿ ಪೇಪರು ಹರಿದೆ.

ಎಲ್ಲರೂ ನೋಡಿದರು. ನಾನೂ ನೋಡಿದೆ. ಫೋಟೋದಲ್ಲಿ ಉಳ್ಳಾಗಡ್ಡಿ ಸಿಪ್ಪೆಯ ಸೀರೆ ಬದನೆಕಾಯಿ ಬಣ್ಣಕ್ಕೆ ತಿರುಗಿತ್ತು. ಮುಖದ ಮಾತಂತೂ ಬೇಡ.

"ಏ ಯವ್ವಾ!" ಎಂದಳು ಶರಣಪ್ಪನವರ ತಂಗಿ ಬಸಮ್ಮ. "ನಮ್ಮ ವೈನಿ ಮೆಣಸಿನಕಾಯಿ ಕಣದಾಗ ನಾಕ ದಿನ ನಿಂತು ಬಂದಂಗ ಅದಾಳಲ್ಲ!"

"ಬಿಸಿಲು... ನಿಮ್ಮೂರಿನ ಬಿಸಿಲು ಸರಿ ಇಲ್ಲ," ಎಂದೆ. ಸೂರ್ಯನ ಮೇಲೆ ತಪ್ಪು ಹೊರಿಸಿದ ಮೊದಲ ಫೋಟೋಗ್ರಾಫರ್ ನಾನೇ ಇರಬೇಕು.

ಫೋಟೋವನ್ನು ಒಳಗೆ ಒಯ್ದು ಮೊಳೆಗೆ ತೂಗುಹಾಕಿದೆವು. ಕಿಟಕಿಯ ಬೆಳಕಿನಲ್ಲೂ ಗೌರಮ್ಮ ಕೆಂಪಗೆ ಉರಿಯುತ್ತಿದ್ದಳು. ಆಗ ನನ್ನ ತಲೆಗೆ ಗವಾಕ್ಷಿ ಹೊಳೆಯಿತು. ಹಸಿರು ಶೀಟು! ನಾನು ಹಚ್ಚಿದ ಕೆಂಪನ್ನೆಲ್ಲ ಅದೇ ನುಂಗಿ ಹಾಕಿತ್ತು. ಅದರ ಕೆಳಗೆ ಎಲ್ಲವೂ ಸರಿಯಿತ್ತಲ್ಲ! ಬಸಮ್ಮನಿಂದ ತೆಳುವಾದ ಹಸಿರು ನೈಲಾನ್ ಸೀರೆ ಇಸಿದುಕೊಂಡು, ಸ್ಟೂಲು ಹತ್ತಿ, ಕಿಟಕಿಗೆ ಅಡ್ಡ ಹಿಡಿದೆ. ಕೋಣೆಯಲ್ಲಿದ್ದ ನೆಂಟರಿಗೆಲ್ಲ ಒಂದೇ ಸಲ ಕಾಮಾಲೆಯಾಯಿತು. ಆದರೆ ಗೋಡೆಯ ಮೇಲಿನ ಮುಖ ತಣ್ಣಗಾಯಿತು.

ಶರಣಪ್ಪನವರು ಒಂದು ಹೆಜ್ಜೆ ಮುಂದೆ ಬಂದರು.

"ಹೌದು. ಆಕೀನಾ," ಎಂದರು. ಆಮೇಲೆ ನನ್ನ ಕಡೆ ತಿರುಗಿ, "ಎಷ್ಟೊತ್ತು ಹಿಡೀತೀರಿ ಸ್ವಾಮಿ?" ಎಂದರು.

"ಪೂಜಿ ಮುಗಿಯೋತನಾ ಹಿಡೀತೀನಿ!"

ಹಿಡಿದೆ. ಅಯ್ಯನವರು ಮಂತ್ರ ಹೇಳುತ್ತಿದ್ದರೆ ನಾನು ಸ್ಟೂಲಿನ ಮೇಲೆ ಎರಡೂ ಕೈ ಎತ್ತಿ ನಿಂತಿದ್ದೆ. ತೋಳು ಸೋತವು, ಮೂಗು ತುರಿಸಿತು. ಶರಣಪ್ಪನವರು ಮಾತ್ರ ಕಣ್ಣು ಕದಲಿಸದೆ ಆ ಮುಖವನ್ನೇ ನೋಡುತ್ತಿದ್ದರು. ಇನ್ನೇನು ಮುಗಿಯಿತು ಎನ್ನುವಾಗ ಆರತಿ ಬೆಳಗಿದರು. ಫೋಟೋದ ಹತ್ತಿರ ತಟ್ಟೆ ಏರಿತು. ದೀಪದ ಬೆಳಕಿಗೆ ನನ್ನ ಹಸಿರು ಸೀರೆಯ ಹಂಗೇನು? ಗೌರಮ್ಮನ ಮುಖ ಮತ್ತೆ ಭಗ್ಗನೆ ಕೆಂಪಾಯಿತು. ಶರಣಪ್ಪನವರು ಕಣ್ಣು ಮುಚ್ಚಿಕೊಂಡರು.

ಊಟವಾದ ಮೇಲೆ ನಾನು ಅವರ ಕೈ ಹಿಡಿದು, "ತಪ್ಪಾತ್ರಿ. ಹೊಸದು ಮಾಡಿ ಕೊಡ್ತೀನಿ. ಮುಖದ ಬಣ್ಣ ಇನ್ನೊಂದ್ಸಲ ಹೇಳ್ರಿ," ಎಂದೆ.

ಅವರು ಸಿಟ್ಟಾಗಲಿಲ್ಲ. ಸಿಟ್ಟಾಗಿದ್ದರೆ ಚೆನ್ನಾಗಿತ್ತು.

"ಅದನ್ನ ಕೇಳಬ್ಯಾಡ್ರಿ," ಎಂದರು. "ಬೆಳಿಗ್ಗಿತನಾ ಆಕಿ ಮುಖ ನೆನಪಿತ್ತು. ಈಗ ಕಣ್ಣು ಮುಚ್ಚಿದ್ರ ನಿಮ್ಮ ಫೋಟೋನಾ ಬರ್ತೈತಿ."

ಬಸ್ಸಿನಲ್ಲಿ ಬಳ್ಳಾರಿ ಮುಟ್ಟುವವರೆಗೆ ಅತ್ತೆ. ಮರುದಿನವೇ ಹಸಿರು ಶೀಟು ಕಿತ್ತು ಹಾಕಿ, ಬಣ್ಣ ನೋಡಿ ಹೇಳಲೆಂದು ಶಾಂತಾಳನ್ನು ಅಂಗಳದಲ್ಲಿ ಪಕ್ಕದಲ್ಲೇ ಕೂರಿಸಿಕೊಂಡು ಹೊಸ ಫೋಟೋಗೆ ಬಣ್ಣ ತುಂಬಿದೆ. ಅದನ್ನೂ ಸೀರೆಯನ್ನೂ ಒಯ್ದು ಕೊಟ್ಟಾಗ ಶರಣಪ್ಪನವರು ಎರಡನ್ನೂ ಹೊಸ್ತಿಲಿಗೆ ತಂದು ಬಹಳ ಹೊತ್ತು ನೋಡಿದರು.

"ಸೀರಿ ಅದಾ ಐತ್ರಿ," ಎಂದರು. ಮುಖದ ಮಾತು ಎತ್ತಲಿಲ್ಲ.

ಊರಿಗೆ ಬಂದವನೇ ಏಣಿ ತಂದು, ಬೋರ್ಡಿನ ಮೇಲಿದ್ದ 'ನೈಜ' ಎಂಬ ಪದದ ಮೇಲೆ ಬಿಳಿ ಸುಣ್ಣ ಬಳಿದೆ. ಇಳಿದು ನೋಡಿದೆ. ಬಿಳಿಯಾಗಿಯೇ ಕಂಡಿತು. ಆದರೂ ಯಾಕೋ ಧೈರ್ಯ ಬರಲಿಲ್ಲ. ಖಾದರ್ ಸಾಬರನ್ನು ಬೀದಿಗೆ ಕರೆದು ತೋರಿಸಿ, "ಇದು ಬಿಳೀನಾ ಹೌದಲ್ಲ?" ಎಂದು ಕೇಳಿದೆ.