ಆಲೂಗಡ್ಡೆ ಸುಲಿಯಲು ಜರ್ಮನಿಗೆ ಹೋಗಿದ್ದು

ಕೆಲಸವಿಲ್ಲದೆ ಕೂತವರನ್ನು ಕಂಡರೆ ನನಗೆ ಆಗುವುದಿಲ್ಲ. ಇದನ್ನು ದೊಡ್ಡ ಗುಣ ಅಂತ ಹೇಳಿಕೊಳ್ಳುತ್ತಿಲ್ಲ, ಇದೊಂದು ಕಾಯಿಲೆ. ಬಸ್‌ಸ್ಟ್ಯಾಂಡಿನಲ್ಲಿ ಯಾರಾದರೂ ಸುಮ್ಮನೆ ಕೂತಿದ್ದರೆ ಅವರ ಮಡಿಲಿಗೆ ಒಂದು ಮೊರ ಅವರೆಕಾಯಿ ಸುರಿದು ಬಿಡಿಸಿ ಅನ್ನೋಣ ಅನ್ನಿಸುತ್ತದೆ. ಹೆತ್ತೂರು ಕಡೆಯ ಒಂದು ಕಾಫಿ ಎಸ್ಟೇಟಿನಲ್ಲಿ ಇಪ್ಪತ್ತೆರಡು ವರ್ಷ ಹೆಣ್ಣಾಳುಗಳಿಗೆ ಮೇಸ್ತ್ರಿಯಾಗಿದ್ದೆ. ಬೆಳಿಗ್ಗೆ ಹಾಜರಿ ಕೂಗುವುದು, ಒಬ್ಬೊಬ್ಬಳಿಗೆ ಒಂದೊಂದು ಸಾಲು ಗಿಡ ತೋರಿಸುವುದು, ಹಿಂದೆ ನಿಂತು ಬೈಯುವುದು, ಇದೇ ನನ್ನ ವಿದ್ಯೆ. ಶಾಲೆಯ ವಿದ್ಯೆ ಮೂರನೇ ಕ್ಲಾಸಿಗೇ ಮುಗಿದಿತ್ತು. ಮಂಡಿ ಕೈಕೊಟ್ಟ ಮೇಲೆ ಗುಡ್ಡ ಹತ್ತುವುದು ಬಿಟ್ಟು, ಸಕಲೇಶಪುರದಲ್ಲಿ ಸಿಸ್ಟರುಗಳು ನಡೆಸುವ ಹೆಣ್ಣುಮಕ್ಕಳ ಹಾಸ್ಟೆಲಿಗೆ ಅಡುಗೆಯವಳಾಗಿ ಸೇರಿದೆ. ಅಲ್ಲಿ ಬೈಯಲು ಆಳುಗಳಿರಲಿಲ್ಲ, ಹುಡುಗಿಯರಿದ್ದರು. ಹೊಂದಿಕೊಂಡೆ.

ಹಾಸ್ಟೆಲಿನ ವಾರ್ಡನ್ ಸಿಸ್ಟರ್ ಅನಿತಾ ಮಗ್ಗೆ ಊರಿನವರು, ನಮ್ಮ ಮಾತೇ ಆಡುತ್ತಾರೆ. ಅವರು ಒಂದು ದಿನ ಒಲೆಯ ಹತ್ತಿರ ಬಂದು, ಜರ್ಮನಿಗೆ ಬರ್ತೀರಾ ಅಂದರು. ಬಾಳ್ಳುಪೇಟೆ ಸಂತೆಗೆ ಬರ್ತೀರಾ ಅಂದ ಹಾಗೆ ಕೇಳಿದ್ದರಿಂದ ನಾನೂ ಹೂಂ ಅಂದೆ. ಆಮೇಲೆ ವಿಷಯ ತಿಳಿಯಿತು. ಅಲ್ಲಿಯ ಒಂದು ಚರ್ಚಿನವರು ಪ್ರತಿ ಬೇಸಿಗೆಯಲ್ಲಿ ಹರೆಯದ ಮಕ್ಕಳನ್ನು ಕಾಡಿಗೆ ಕರೆದುಕೊಂಡು ಹೋಗಿ ಹತ್ತು ದಿನ ಶಿಬಿರ ಮಾಡುತ್ತಾರಂತೆ. ಬೇರೆ ದೇಶದಿಂದ ಒಬ್ಬರು ಬಂದು ಅಡುಗೆಮನೆಯಲ್ಲಿ ಕೈ ಜೋಡಿಸಬೇಕಂತೆ. ನಾನು ಹಿಂದೂ ಮನೆಯವಳು, ಸೋಮವಾರ ಈಶ್ವರನ ಗುಡಿಗೆ ಹೋಗುವವಳು ಅಂದೆ. ಆಲೂಗಡ್ಡೆಗೆ ಜಾತಿ ಇಲ್ಲ ಲಕ್ಕಮ್ಮ ಅಂದರು ಸಿಸ್ಟರ್. ಸಂಬಳ ಕೇಳಿದೆ. ಸಂಬಳವಿಲ್ಲ, ಇದು ಸ್ವಯಂಸೇವೆ, ಅಂದರೆ ತಾನಾಗಿ ಮನಸ್ಸು ಮಾಡಿ ಮಾಡುವ ಕೆಲಸ ಅಂತ ಬಿಡಿಸಿ ಹೇಳಿದರು. ತಾನಾಗಿ ಮನಸ್ಸು ಮಾಡಿ ಕೆಲಸಕ್ಕೆ ಬಂದವರನ್ನು ನನ್ನ ಜೀವಮಾನದಲ್ಲಿ ನಾನು ಕಂಡಿರಲಿಲ್ಲ, ನನ್ನನ್ನೂ ಸೇರಿಸಿ.

ಕಾಡು, ಅದರ ಮೇಲೆ ಮಳೆಯೂ ಬರಬಹುದು ಅಂದದ್ದೇ ತಡ, ನಾನು ರಕ್ತ ಹೀರುವ ಇಂಬಳಗಳಿಗೆ ಅಂತ ಹೊಗೆಸೊಪ್ಪು, ಸುಣ್ಣ ಕಲಸಿ ಒಂದು ಡಬ್ಬಿ ತುಂಬಿಕೊಂಡೆ. ವಿಮಾನ ನಿಲ್ದಾಣದಲ್ಲಿ ಮೂರು ಜನ ಆಫೀಸರುಗಳು ಆ ಡಬ್ಬಿಯನ್ನು ಸುತ್ತುವರಿದು ನಿಂತರು. ಒಬ್ಬ ಮೂಸಿ ನೋಡಿ ಸೀನಿದ. ಡಬ್ಬಿ ಅಲ್ಲೇ ಉಳಿಯಿತು. ಆ ಕಾಡಿಗೆ ಹೋಗಿ ನೋಡಿದರೆ ಒಂದು ಇಂಬಳವೂ ಇಲ್ಲ. ಮೊದಲ ದಿನ ಮಕ್ಕಳು ಕಾಡು ಸುತ್ತಿ ಬಂದಾಗ ನಾನು ಬಾಗಿಲಲ್ಲಿ ಕೂತು ಒಬ್ಬೊಬ್ಬರ ಪಾದ ಎತ್ತಿ ಬೆರಳಿನ ಸಂದಿ ನೋಡಿದೆ. ಇದು ನಮ್ಮ ಕಡೆಯ ಪೂಜೆ ಅಂತ ತಿಳಿದು ಮಕ್ಕಳು ಗಂಭೀರವಾಗಿ ಕಾಲು ಚಾಚಿಕೊಂಡು ನಿಂತವು.

ಅಡುಗೆಮನೆ ಹೆಲ್ಗಾಳದ್ದು. ನನ್ನ ವಯಸ್ಸಿನವಳೇ, ಗಟ್ಟಿ ಮುದುಕಿ, ನಗುವುದೆಂದರೆ ಖರ್ಚು ಅಂದುಕೊಂಡವಳು. ನೋಡಿದ ಕೂಡಲೇ ನನಗೆ ಹಿಡಿಸಿದಳು. ಅವಳಿಗೆ ಕನ್ನಡ ಬಾರದು, ನನಗೆ ಅವಳ ಭಾಷೆ ಬಾರದು. ಆ ಭಾಷೆ ಕಲಿತಿದ್ದ ಸಿಸ್ಟರ್ ನಡುವೆ ನಿಂತು ಮಾತು ದಾಟಿಸುತ್ತಿದ್ದರು. ಹಾಗೆ ದಾಟಿ ಬಂದ ಸುದ್ದಿ ಇದು: ಗಂಡ ಸತ್ತ ವರ್ಷದಿಂದ ಹೆಲ್ಗಾ ಈ ಅಡುಗೆಮನೆ ನಡೆಸಿಕೊಂಡು ಬಂದಿದ್ದಾಳೆ. ಮೊದಲು ಶಿಬಿರದ ಮಕ್ಕಳು ಸರದಿಯ ಮೇಲೆ ಬಂದು ಕೈಹಾಕುತ್ತಿದ್ದರು, ಈಗ ಯಾರೂ ಬರುವುದಿಲ್ಲ. ಆದ್ದರಿಂದ ಶಿಬಿರದ ಯಜಮಾನ ಪೀಟರ್ ಮತ್ತು ಅವನ ಕಮಿಟಿಯವರು, ಈ ಸಲವೂ ಮಕ್ಕಳು ಬರದಿದ್ದರೆ ಮುಂದಿನ ವರ್ಷದಿಂದ ಅಡುಗೆಮನೆ ಮುಚ್ಚಿ ಹೊರಗಿನಿಂದ ವ್ಯಾನಿನಲ್ಲಿ ಊಟ ತರಿಸುವುದು ಅಂತ ತೀರ್ಮಾನಿಸಿದ್ದಾರೆ. ಇದನ್ನು ಹೇಳುವಾಗ ಹೆಲ್ಗಾ ಅಳಲಿಲ್ಲ. ಆಲೂಗಡ್ಡೆಯ ಸಿಪ್ಪೆಯನ್ನು ಮಾತ್ರ ಬಹಳ ದಪ್ಪ ತೆಗೆದಳು.

ಊಟದ ಹಾಲ್‌ನಲ್ಲಿ ಒಂದು ಬೋರ್ಡು ಇತ್ತು. ಈಜು, ಗಿಟಾರು, ಬಣ್ಣ ಬಳಿಯುವುದು, ಬಂಡೆ ಹತ್ತುವುದು, ಕೊನೆಗೆ ಅಡುಗೆಮನೆ. ಮಕ್ಕಳು ತಮಗೆ ಬೇಕಾದ್ದರ ಕೆಳಗೆ ಹೆಸರು ಬರೆಯಬೇಕು. ಓದಲು ಬಾರದಿದ್ದರೂ ಖಾಲಿ ಜಾಗ ಯಾವುದು ಅಂತ ನನಗೆ ಕಾಣುತ್ತಿತ್ತು. ಮರುದಿನ ತಿಂಡಿ ಆದ ಮೇಲೆ ನಾನು ಬಾಗಿಲಿಗೆ ಅಡ್ಡ ನಿಂತು ಗಂಟೆ ಬಾರಿಸಿದೆ. ಎಸ್ಟೇಟಿನಲ್ಲಿ ಮಾಡುತ್ತಿದ್ದ ಹಾಗೆ ಬೆರಳು ತೋರಿಸಿ, ನೀನು, ನೀನು, ಆ ಕೆಂಪು ತಲೆಯವನು ಅಂತ ಹನ್ನೆರಡು ಜನರನ್ನು ಎಣಿಸಿ ರಟ್ಟೆ ಹಿಡಿದು ಕರೆದೊಯ್ದೆ. ತಲೆಗೊಂದು ಗುಡ್ಡೆ ಆಲೂಗಡ್ಡೆ ಹಾಕಿ ಹಿಂದೆ ನಿಂತುಕೊಂಡೆ. ಹೆದರಿದ ಮಕ್ಕಳು ತುಟಿಪಿಟಕ್ಕೆನ್ನದೆ ಸುಲಿದವು. ನಾನು ಹೆಲ್ಗಾಳ ಕಡೆ ತಿರುಗಿ, ನೋಡಿದೆಯಾ ಅನ್ನುವ ಹಾಗೆ ಸೆರಗು ಸಿಕ್ಕಿಸಿಕೊಂಡೆ.

ಅರ್ಧ ಗುಡ್ಡೆ ಮುಗಿಯುವಷ್ಟರಲ್ಲಿ ಪೀಟರ್ ಬಂದ. ಅಲ್ಲಿಯವರು ಸಿಟ್ಟು ಬಂದಾಗಲೂ ನಗುತ್ತಾರೆ, ಹಾಗಾಗಿ ಎಷ್ಟು ಸಿಟ್ಟು ಬಂದಿದೆ ಅಂತ ಅಂದಾಜು ಸಿಗುವುದಿಲ್ಲ. ಇಲ್ಲಿ ಯಾರನ್ನೂ ಕೆಲಸಕ್ಕೆ ಎಳೆಯುವ ಹಾಗಿಲ್ಲ, ತಾವಾಗಿ ಬಂದರೆ ಮಾತ್ರ ಅಂತ ಅವನು ಸಿಸ್ಟರಿಗೆ ಮೆಲ್ಲಗೆ ಹೇಳಿದ.

"ಹೊಟ್ಟೆ ತಾನಾಗೇ ಹಸೀತೈತೆ ಸಿಸ್ಟರ್. ಆಲೂಗಡ್ಡೆ ತಾನಾಗೇ ಸುಲ್ಕಂತೈತಾ, ಕೇಳಿ ಅವ್ರನ್ನ" ಅಂದೆ.

ಸಿಸ್ಟರ್ ಅದನ್ನು ಎರಡೇ ಶಬ್ದದಲ್ಲಿ ದಾಟಿಸಿದರು. ಏನೇನು ಬಿಟ್ಟರು ಅಂತ ನನಗೆ ಗೊತ್ತಾಯಿತು. ಮಕ್ಕಳು ಕೈ ತೊಳೆದು ಓಡಿದವು. ಹೋಗುವಾಗ ಪೀಟರ್ ಹೆಲ್ಗಾಳ ಕಡೆ ನೋಡಿದ ನೋಟಕ್ಕೆ ಯಾರೂ ಅರ್ಥ ಹೇಳಬೇಕಾಗಿರಲಿಲ್ಲ. ಮುಚ್ಚುವ ಅಡುಗೆಮನೆಗೆ ನಾನು ಬೀಗ ತಂದುಕೊಟ್ಟ ಹಾಗಾಗಿತ್ತು. ಹೆಲ್ಗಾ ಆ ದಿನ ನನ್ನ ಹತ್ತಿರ ಮಾತಾಡಲಿಲ್ಲ. ಆಡಿದ್ದರೂ ನನಗೆ ತಿಳಿಯುತ್ತಿರಲಿಲ್ಲ ನಿಜ, ಆದರೆ ಆಡದೇ ಇರುವುದು ಯಾವ ಭಾಷೆಯಲ್ಲಾದರೂ ತಿಳಿಯುತ್ತದೆ.

ಉಳಿದ ರಾಶಿಯನ್ನು ನಾವಿಬ್ಬರೇ ಸುಲಿದೆವು. ಆಗ ನೋಡಿದೆ, ಆ ಅಡುಗೆಮನೆಯಲ್ಲಿ ಮೇಜುಗಳೆಲ್ಲ ಗೋಡೆಗೆ ಆನಿಸಿವೆ. ಅವಳಿಗೆ ಒಂದು ಗೋಡೆ, ನನಗೆ ಒಂದು ಗೋಡೆ. ಕೆಲಸದ ಹೊತ್ತಿನಲ್ಲಿ ಮಾತು ಕೂಡದು ಅನ್ನುವುದು ಅವಳ ಕಟ್ಟಳೆಯಂತೆ. ನಮ್ಮ ಎಸ್ಟೇಟಿಗೆ ಆಳುಗಳ ಲೆಕ್ಕ ಬರೆಯಲು ಬಂದ ಒಬ್ಬ ಹೊಸ ರೈಟರ್ ಕೂಡ ಹೀಗೇ ಮಾಡಿದ್ದ. ಕಾಫಿ ಹಣ್ಣು ಕುಯ್ಯುವ ಹೆಂಗಸರು ಮಾತಾಡಕೂಡದು ಅಂದ. ಆ ವಾರ ಚೀಲ ತುಂಬಲೇ ಇಲ್ಲ. ಅವನು ಅತ್ತ ಹೋದ ಮೇಲೆ ನಾನು ಎರಡು ತಿಂಗಳಿಂದ ಮಾತು ಬಿಟ್ಟಿದ್ದ ಓರಗಿತ್ತಿಯರಿಬ್ಬರಿಗೆ ಅಕ್ಕಪಕ್ಕದ ಸಾಲು ಕೊಟ್ಟೆ. ತಮ್ಮ ಸಿಟ್ಟನ್ನು ಮೊದಲು ಗಿಡಕ್ಕೆ ಹೇಳಿದರು, ಆಮೇಲೆ ಆಕಾಶಕ್ಕೆ ಹೇಳಿದರು, ಮಧ್ಯಾಹ್ನದ ಹೊತ್ತಿಗೆ ಮುಖಕ್ಕೆ ಮುಖ ಕೊಟ್ಟು ಜಗಳಾಡುತ್ತಿದ್ದರು. ಸಾಯಂಕಾಲ ಎಲ್ಲರಿಗಿಂತ ಹೆಚ್ಚು ಹಣ್ಣು ಅವರದ್ದೇ. ಸಾಲಿನಲ್ಲಿ ಬಾಯಿ ನಿಂತರೆ ಕೈಯೂ ನಿಲ್ಲುತ್ತದೆ, ಇದನ್ನು ನಾನು ಯಾವ ರೈಟರಿಗೂ ಅರ್ಥ ಮಾಡಿಸಲಾಗಲಿಲ್ಲ.

ಮರುದಿನ ಎರಡು ಬೆಂಚುಗಳನ್ನು ಎಳೆದು ಹೊರಗಿನ ಜಗಲಿಯಲ್ಲಿ ಎದುರುಬದುರು ಹಾಕಿದೆ. ನಡುವೆ ಆಲೂಗಡ್ಡೆ. ಹೆಲ್ಗಾಳ ಕೈ ಹಿಡಿದು ಒಂದರ ಮೇಲೆ ಕೂರಿಸಿ ನಾನು ಎದುರು ಕೂತೆ. ಅವಳ ಸಿಪ್ಪೆ ಎತ್ತಿ ತೋರಿಸಿ, ಇಷ್ಟು ದಪ್ಪ ತೆಗೆದರೆ ಒಳಗೆ ಏನು ಉಳಿಯಿತು ಮಾರಾಯ್ತಿ ಅಂದೆ. ಅವಳು ನನ್ನ ಆಲೂಗಡ್ಡೆ ಕಿತ್ತುಕೊಂಡು, ನಾನು ಬಿಟ್ಟಿದ್ದ ಕಪ್ಪು ಕಣ್ಣುಗಳನ್ನು ಒಂದೊಂದಾಗಿ ತೋರಿಸಿ ಅವಳ ಭಾಷೆಯಲ್ಲಿ ಬೈದಳು. ನಾನು ಕನ್ನಡದಲ್ಲಿ ಬೈದೆ. ಅರ್ಧ ಗಂಟೆ ಹೀಗೇ ನಡೆಯಿತು. ಇಬ್ಬರಿಗೂ ಎಷ್ಟೋ ದಿನದಿಂದ ಇಷ್ಟು ಸುಖವಾಗಿರಲಿಲ್ಲ.

ಗಿಟಾರಿನ ಗುಂಪಿನಿಂದ ತಪ್ಪಿಸಿಕೊಂಡ ಲೀನಾ ಅನ್ನುವ ಹುಡುಗಿಯೊಬ್ಬಳು ಬಂದು ನೋಡುತ್ತ ನಿಂತಳು. ಆಮೇಲೆ ಬೆಂಚಿನ ತುದಿಗೆ ಕೂತಳು. ಕೈ ಖಾಲಿ. ಚಾಕು ಕೊಡು ಅಂತ ನನ್ನ ಪ್ರಾಣ ಹೊಡೆದುಕೊಂಡಿತು. ಕೊಡಲಿಲ್ಲ. ಜನ್ಮದಲ್ಲಿ ಅಷ್ಟು ಕಷ್ಟದ ಕೆಲಸ ಮಾಡಿದ್ದಿಲ್ಲ. ಕಾಲು ಗಂಟೆಯ ಮೇಲೆ ಅವಳೇ ಒಂದು ಚಾಕು ಎತ್ತಿಕೊಂಡಳು. ಮರುದಿನ ಗೆಳತಿಯರನ್ನು ಕರೆತಂದಳು, ಅದರ ಮರುದಿನ ಕೆಂಪು ತಲೆಯವನೂ ಬಂದ. ನಾನು ಅವರ ಬೆನ್ನ ಹಿಂದೆ ನಿಲ್ಲಲಿಲ್ಲ. ಯಾರ ಹುಡುಗ, ಯಾರ ಹುಡುಗಿ, ಯಾರಿಗೆ ಯಾರ ಮೇಲೆ ಕೋಪ, ಎಲ್ಲ ಆ ಬೆಂಚಿನ ಮೇಲೆ ಹರಡಿಕೊಂಡಿತು. ನನಗೆ ಒಂದು ಶಬ್ದವೂ ತಿಳಿಯದು, ಆದರೆ ಅದು ಹಣ್ಣು ಕುಯ್ಯುವ ಸಾಲಿನ ಮಾತೇ ಅಂತ ಧಾಟಿಯಿಂದಲೇ ಗೊತ್ತಾಗುತ್ತಿತ್ತು. ಗಿಟಾರು ಬಿಟ್ಟು ಇಲ್ಲಿಗೇಕೆ ಬರುತ್ತೀಯ ಅಂತ ಸಿಸ್ಟರ್ ಲೀನಾಳನ್ನು ಕೇಳಿದರು. ಉಳಿದ ಕಡೆಯೆಲ್ಲ ದೊಡ್ಡವರು ಬಂದು, ನಿನಗೆ ಏನನ್ನಿಸಿತು ಅಂತ ಕೇಳುತ್ತಾರೆ, ಇಲ್ಲಿ ಯಾರೂ ಏನೂ ಕೇಳುವುದಿಲ್ಲ ಅಂದಳಂತೆ.

ಎಂಟನೇ ದಿನ ಬೋರ್ಡಿನಲ್ಲಿ ಅಡುಗೆಮನೆಯ ಕೆಳಗೆ ಜಾಗ ಸಾಲದೆ ಹೆಸರುಗಳು ಬಣ್ಣ ಬಳಿಯುವವರ ಕಡೆಗೆ ನುಗ್ಗಿದ್ದವು. ಪೀಟರ್ ಬಂದು ನೋಡಿ, ಬೆಂಚಿನ ಮೇಲೆ ಜಾಗ ಮಾಡಿಕೊಂಡು ಕೂತು ತಾನೂ ಸುಲಿದ. ಬಹಳ ಕೆಟ್ಟದಾಗಿ ಸುಲಿದ. ಕೊನೆಯ ಊಟದಲ್ಲಿ ಎದ್ದು ನಿಂತು, ಮುಂದಿನ ವರ್ಷ ವ್ಯಾನು ಬೇಡ, ಅಡುಗೆಮನೆ ಇರುತ್ತದೆ ಅಂದ. ಮಕ್ಕಳು ಮೇಜು ಬಡಿದವು. ಹೆಲ್ಗಾ ಎದ್ದು ಬಂದಳು. ಎಮ್ಮೆಯ ಬೆನ್ನು ತಟ್ಟುವ ಹಾಗೆ ನನ್ನ ಬೆನ್ನಿಗೆ ಒಂದು ಏಟು ಕೊಟ್ಟು ಪಾತ್ರೆ ತೊಳೆಯಲು ಹೋದಳು. ಆ ಏಟು ವಿಮಾನ ಇಳಿಯುವವರೆಗೂ ನೋಯುತ್ತಿತ್ತು.

ಸಕಲೇಶಪುರದ ಪಕ್ಕದ ಆನೇಮಹಲ್‌ನ ನಮ್ಮ ಮನೆಗೆ ಬಂದ ಮೇಲೆ ಅಕ್ಕಪಕ್ಕದ ಹೆಂಗಸರು ಸುದ್ದಿ ಕೇಳಲು ಬಂದರು. ನಾನು ಜಗಲಿಯಲ್ಲಿ ಕೂತು ಎಲ್ಲ ಹೇಳಿದೆ. ಯಾರನ್ನೂ ಎಳೆಯಬಾರದು, ಬೆನ್ನ ಹಿಂದೆ ನಿಲ್ಲಬಾರದು, ಎದುರು ಕೂತು ಮಾತಾಡಬೇಕು, ಅವರ ಕೈಗೆ ಚಾಕು ತಾನಾಗಿ ಬರುತ್ತದೆ ಅಂತ ಸ್ವಲ್ಪ ದೊಡ್ಡ ಗಂಟಲಿನಲ್ಲೇ ಹೇಳಿದೆ. ಸೊಸೆ ಸವಿತಾ ಒಳಬಾಗಿಲಿಗೆ ಒರಗಿ ಕೇಳುತ್ತಿದ್ದಳು. ಹೆಂಗಸರು ಹೋದ ಮೇಲೆ ಮೆಲ್ಲಗೆ ಅಂದಳು:

"ಅತ್ತೆ, ನಾನು ಈ ಮನೇಗ್ ಬಂದು ಹನ್ನೊಂದು ವರ್ಷ ಆತು. ನೀವು ಮನೇಲಿದ್ದಾಗ ಒಂದ್ ಈರುಳ್ಳಿ ಕುಯ್ಯಕ್ ಬುಟ್ಟಿದ್ದೀರಾ?"

ಲೆಕ್ಕ ಹಾಕಿ ನೋಡಿದೆ. ಬಿಟ್ಟಿರಲಿಲ್ಲ. ಬಂದ ಹೊಸದರಲ್ಲಿ ಒಂದು ಸಲ ದಪ್ಪದಪ್ಪ ಕುಯ್ದಳು ಅಂತ ಈಳಿಗೆಮಣೆ ಕಿತ್ತುಕೊಂಡವಳು ಮತ್ತೆ ಕೊಟ್ಟೇ ಇರಲಿಲ್ಲ. ಎದ್ದು, ಈಳಿಗೆಮಣೆಯನ್ನೂ ಈರುಳ್ಳಿ ಬುಟ್ಟಿಯನ್ನೂ ಅವಳ ಮುಂದಿಟ್ಟು ಎದುರಿಗೆ ಕೂತೆ. ಕೈ ಕಟ್ಟಿಕೊಂಡೆ. ಅವಳು ಕುಯ್ದಳು. ಹನ್ನೊಂದು ವರ್ಷದಲ್ಲಿ ಒಂದು ನೂಲಿನಷ್ಟೂ ತೆಳ್ಳಗಾಗಿರಲಿಲ್ಲ. ಮೊದಲನೇ ಈರುಳ್ಳಿಗೆ ಸುಮ್ಮನಿದ್ದೆ. ಎರಡನೇ ಈರುಳ್ಳಿಗೆ ಸೂರು ನೋಡುತ್ತಿದ್ದೆ. ಮೂರನೆಯದಕ್ಕೆ ಬಾಯಿ ಬಿಟ್ಟೆ. ಅದಕ್ಕಿಂತ ಹೆಚ್ಚಿನ ಸ್ವಯಂಸೇವೆ ನನ್ನಿಂದ ಸಾಧ್ಯವಿಲ್ಲ.