ಕ್ಯಾಪ್ಟನ್ನರ ಕೇಬಲ್ ಕಾಳಗ

ಬೆಳಗಿನ ಮೊದಲ ಟ್ರಿಪ್ಪಿಗೆ ಜನ ತುಂಬಿದ್ದರು. ಕ್ಯಾಪ್ಟನ್ನರು ಎಂಜಿನ್ ಚಾಲೂ ಮಾಡಿ, ಹಾರನ್ ಒತ್ತಿ, ಗೇರಿನ ಹಿಡಿಕೆಯನ್ನು ಮುಂದಕ್ಕೆ ತಳ್ಳಿದರು. ಅದು ಅಲುಗಲಿಲ್ಲ. ಇನ್ನೊಮ್ಮೆ ತಳ್ಳಿದರು. ಹಟ ಹಿಡಿದ ಎಮ್ಮೆಯಂತೆ ಹಿಡಿಕೆ ಇದ್ದಲ್ಲೇ ನಿಂತಿತು.

ಕ್ಯಾಪ್ಟನ್ ಅನ್ನುವುದು ಯಾರೂ ಕೊಟ್ಟ ಹುದ್ದೆಯಲ್ಲ. ಹೊಳೆಯ ಈ ದಡದಿಂದ ಆ ದಡಕ್ಕೆ ಜನರನ್ನು ದಾಟಿಸುವ ಮೋಟಾರು ದೋಣಿಯ ಡ್ರೈವರ್ ಅವರು. ಮನೆಯಲ್ಲಿ ಅವರ ಮಾತಿಗೆ ಬೆಕ್ಕು ಕೂಡ ಕಿವಿಗೊಡುತ್ತಿರಲಿಲ್ಲ. ಆದರೆ ದೋಣಿಯ ಎತ್ತರದ ಸೀಟಿನಲ್ಲಿ ಕೂತು ಅವರು "ಎಲ್ಲಾ ಕೂತ್ಕೊಳ್ಳಿ" ಎಂದರೆ ಸಾಕು, ಎಂಥ ಗತ್ತಿನವರೂ ತೊಪ್ಪನೆ ಕೂರುತ್ತಿದ್ದರು. ಅದಕ್ಕೇ ಆ ಸೀಟೆಂದರೆ ಅವರಿಗೆ ಪ್ರಾಣ. ಅದನ್ನು ಕಂಡ ಜನ ತಾವೇ ಅವರಿಗೆ ಕ್ಯಾಪ್ಟನ್ ಎಂದು ಹೆಸರಿಟ್ಟಿದ್ದರು.

"ಸ್ವಲ್ಪ ಮೆತ್ತಗೆ ತಳ್ಳಿ" ಎಂದರು ಒಬ್ಬರು. "ಜೋರಾಗಿ ತಳ್ಳಿ" ಎಂದರು ಮತ್ತೊಬ್ಬರು. ಕ್ಯಾಪ್ಟನ್ನರು ಎರಡೂ ಕಾಲನ್ನು ಮುಂದಿನ ಹಲಗೆಗೆ ಒತ್ತಿಕೊಟ್ಟು, ಎರಡೂ ಕೈಯಿಂದ ಹಿಡಿಕೆಯನ್ನು ಜಗ್ಗಿದರು. ಹಿಡಿಕೆಯ ತುದಿಯ ಗುಂಡು ಕಿತ್ತು ಅವರ ಕೈಗೆ ಬಂತು. ಅವರು ಗುಂಡಿನ ಸಮೇತ ಹಿಂದೆ ಕೂತಿದ್ದ ಹೆಂಗಸಿನ ಬುಟ್ಟಿಗೆ ಬಂದು ಬಿದ್ದರು.

ಜನ ಗೊಣಗುತ್ತ ಇಳಿದು ಸುತ್ತುದಾರಿ ಹಿಡಿದರು. ಟಿಕೆಟ್ ಕೊಡುವ ಸೋಡಾಬುಡ್ಡಿ ಕಚೇರಿಗೆ ಫೋನ್ ಹಚ್ಚಿ ಕ್ಯಾಪ್ಟನ್ನರ ಕೈಗೆ ಕೊಟ್ಟ. ಕನ್ನಡಕದ ಗಾಜಿನಿಂದಲೇ ಆ ಹೆಸರು ಬಂದದ್ದು. ಕನ್ನಡಕ ಇದ್ದರೂ ಅವನಿಗೆ ಕಾಣುತ್ತಿದ್ದದ್ದು ಅಷ್ಟಕ್ಕಷ್ಟೇ.

ಫೋನಿನ ಆ ಕಡೆ ದೋಣಿಗಳನ್ನೆಲ್ಲ ನೋಡಿಕೊಳ್ಳುವ ಮೇಡಂ. "ಮೆಕ್ಯಾನಿಕ್ ರಜದ ಮೇಲಿದ್ದಾನೆ. ಸಂಜೆ ಮಿಲ್ ಬಿಡೋ ಹೊತ್ತಿಗೆ ದೋಣಿ ಆ ದಡದಲ್ಲಿ ಇರ್ಬೇಕು. ಆಗದಿದ್ರೆ ಹೇಳಿ, ಬೇರೆ ದೋಣಿ ಕಳಿಸ್ತೀನಿ. ಓಡ್ಸೋಕೆ ನಿಮ್ಮ ಎದುರುಮನೆಯವರು ಇದ್ದಾರಲ್ಲ, ಯಾವತ್ತಿಂದ್ಲೋ ಕೇಳ್ತಾನೇ ಇದ್ದಾರೆ. ಅವರೇ ಮುಂದುವರೀಲಿ."

ಎದುರುಮನೆಯವನೆಂದರೆ ಬಸ್ಸಣ್ಣ. ನಿವೃತ್ತ ಬಸ್ ಡ್ರೈವರ್. ದೋಣಿ ಓಡಿಸುವ ಲೈಸೆನ್ಸನ್ನೂ ಮಾಡಿಸಿಟ್ಟುಕೊಂಡು, ಮನೆಯಲ್ಲಿ ಊಟದ ತಟ್ಟೆಯನ್ನೇ ಸ್ಟೇರಿಂಗಿನಂತೆ ತಿರುಗಿಸುತ್ತ ಕಾಲ ಕಳೆಯುತ್ತಿದ್ದ ಆಸಾಮಿ.

ಕ್ಯಾಪ್ಟನ್ನರು ಫೋನನ್ನು ಬಾಯಿಗೆ ಒತ್ತಿಹಿಡಿದರು. "ಯಾರೂ ಬೇಡ ಮೇಡಂ. ನಾನೇ ರಿಪೇರಿ ಮಾಡ್ತೀನಿ!" ಎಂದುಬಿಟ್ಟರು. ಸ್ಪ್ಯಾನರನ್ನು ಯಾವ ಕಡೆಯಿಂದ ಹಿಡಿಯಬೇಕು ಎಂಬುದು ಕೂಡ ಅವರಿಗೆ ಆ ಕ್ಷಣದಲ್ಲಿ ಖಚಿತವಿರಲಿಲ್ಲ. ಆದರೆ ಹಟಕ್ಕೆ ಬಿದ್ದರೆ ಅವರು ಬಿಡುವ ಪೈಕಿಯಲ್ಲ.

ನೆಲದ ಹಲಗೆ ಎತ್ತಿ ನೋಡಿದರೆ ಸಂಗತಿ ತಿಳಿಯಿತು. ಹಿಡಿಕೆಯಿಂದ ಹೊರಟ ಕೇಬಲ್ಲು ನೆಲದಡಿಯ ಕೊಳವೆಯೊಳಗೆ ನುಗ್ಗಿ, ದೋಣಿಯ ಉದ್ದಕ್ಕೂ ಸಾಗಿ, ಹಿಂಬದಿಯಲ್ಲಿ ಎಂಜಿನ್ನಿನ ಗೇರಿಗೆ ಸೇರುತ್ತಿತ್ತು. ಎಂಜಿನ್ ಕಡೆಯ ತುದಿಯನ್ನು ಗೇರಿನಿಂದ ಬಿಚ್ಚಿದಾಗ ಗೇರು ಸಲೀಸಾಗಿ ಆಡಿತು. ಕೇಬಲ್ಲು ಮಾತ್ರ ಮಿಸುಕಲಿಲ್ಲ. ಹೊರಕವಚ ಒಂದೆಡೆ ಬಿರಿದು ನೀರು ಕುಡಿದು, ಒಳಗಿನ ತಂತಿ ತುಕ್ಕು ಹಿಡಿದು ಉಬ್ಬಿತ್ತು.

"ಎಣ್ಣೆ ಬಿಟ್ರೆ ಸರಿಹೋಗತ್ತೆ" ಎಂಬ ದನಿ ಕೇಳಿತು. ಬಸ್ಸಣ್ಣ ಆಗಲೇ ಬಂದು, ಅದೇ ಎತ್ತರದ ಸೀಟಿನಲ್ಲಿ ಕಾಲ ಮೇಲೆ ಕಾಲು ಹಾಕಿ ಕೂತಿದ್ದ.

"ಅಣ್ಣ, ಅದು ನನ್ನ ಸೀಟು."

"ಇರ್ಲಿ ಬಿಡಿ ಕ್ಯಾಪ್ಟನ್ರೇ, ಸುಮ್ನೆ ಕೂತು ನೋಡ್ತಿದೀನಿ. ಸ್ವಲ್ಪ ಗಟ್ಟಿ ಅನ್ಸತ್ತೆ. ನಾಳೆ ಒಂದು ದಿಂಬು ತರ್ಬೇಕು."

ನಾಳೆ ಎಂಬ ಮಾತು ಕ್ಯಾಪ್ಟನ್ನರಿಗೆ ಮುಳ್ಳಿನಂತೆ ಚುಚ್ಚಿತು. ಅವರು ಎಣ್ಣೆ ಬಿಟ್ಟರು. ಬಿಸಿನೀರು ಹೊಯ್ದರು. ಸುತ್ತಿಗೆಯಿಂದ ಮೆಲ್ಲಗೆ ತಟ್ಟಿದರು, ಆಮೇಲೆ ಮೆಲ್ಲಗಲ್ಲದೆಯೂ ತಟ್ಟಿದರು. ಎಣ್ಣೆಯೆಲ್ಲ ಅವರ ಮೈಗೇ ಬಂತು, ಕೇಬಲ್ಲಿಗೆ ಒಂದು ತೊಟ್ಟೂ ಇಳಿಯಲಿಲ್ಲ. ಕೊನೆಗೆ ಉಗ್ರಾಣದಿಂದ ಹೊಸ ಕೇಬಲ್ಲಿನ ಸುರುಳಿಯನ್ನು ಹೆಗಲಿಗೇರಿಸಿಕೊಂಡು ಬಂದು, "ಹಳೇದನ್ನ ಕಿತ್ತು ಹೊಸದನ್ನೇ ಹಾಕ್ತೀನಿ" ಎಂದು ಸಾರಿದರು.

ಉಪಾಯವನ್ನೇನೋ ಸರಿಯಾಗಿಯೇ ಹೂಡಿದ್ದರು. ಎಂಜಿನ್ ಕಡೆಯಲ್ಲಿ ಹಳೆಯ ಕೇಬಲ್ಲಿನ ಬಾಲಕ್ಕೆ ಉದ್ದನೆಯ ಗಟ್ಟಿ ಹುರಿ ಕಟ್ಟಿ, ಅದರ ಇನ್ನೊಂದು ತುದಿಯನ್ನು ಅಲ್ಲಿನ ಕಂಬಕ್ಕೆ ಬಿಗಿದರು. ಹಿಡಿಕೆಯ ಕಡೆಯಿಂದ ಕೇಬಲ್ಲನ್ನು ಎಳೆದರೆ ಹುರಿ ಅದರ ಬೆನ್ನಿಗೇ ಕೊಳವೆಯೊಳಗೆ ಬರುತ್ತದೆ, ಆಮೇಲೆ ಅದೇ ಹುರಿಗೆ ಹೊಸ ಕೇಬಲ್ಲು ಕಟ್ಟಿ ಹಿಂದಕ್ಕೆ ಎಳೆದರಾಯಿತು. ಬೆವರು ಸುರಿಸಿಕೊಂಡು ಇಂಚಿಂಚಾಗಿ ಎಳೆದರು. ನಡುನಡುವೆ ಬಸ್ಸಣ್ಣ ಮೇಲಿನಿಂದ "ರೈಟ್, ರೈಟ್... ಹೋಲ್ಡಾನ್!" ಎನ್ನುತ್ತಿದ್ದ. ಅಂತೂ ಹಳೆಯ ಕೇಬಲ್ಲು ಸತ್ತ ಹಾವಿನಂತೆ ಹೊರಬಿತ್ತು, ಹಿಂದೆಯೇ ಹುರಿಯ ತುದಿ ಇಣುಕಿತು. ಕ್ಯಾಪ್ಟನ್ನರು ಕುಣಿದಾಡುವುದೊಂದು ಬಾಕಿ.

ಹುರಿಯನ್ನು ಒಂದಿಷ್ಟು ಎಳೆದು ನೋಡಿದರು. ಅದು ಸರ್ರನೆ ಬಂತು. ಬರುತ್ತಲೇ ಹೋಯಿತು. ಕೊನೆಗೆ ಪೂರ್ತಿ ಅವರ ಕೈಗೇ ಬಂದು ಬಿತ್ತು.

"ಸಾರ್" ಎಂದ ಸೋಡಾಬುಡ್ಡಿ ಎಂಜಿನ್ ಕಡೆಯಿಂದ, ಕೈಯಲ್ಲಿ ಕತ್ತರಿ ಹಿಡಿದುಕೊಂಡು. "ಇಲ್ಲೊಂದು ಹುರಿ ಕಂಬಕ್ಕೆ ಸಿಕ್ಕಿ ನೇತಾಡ್ತಿತ್ತು. ಯಾರಾದ್ರೂ ಎಡವಿ ಬೀಳ್ತಾರೆ ಅಂತ ಕತ್ತರಿಸಿ ಎಸ್ದೆ."

ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. ಕ್ಯಾಪ್ಟನ್ನರು ಹುರಿಯನ್ನೊಮ್ಮೆ, ಸೋಡಾಬುಡ್ಡಿಯನ್ನೊಮ್ಮೆ ನೋಡಿದರು. ಹುರಿ ಅವನ ಕತ್ತಿಗೆ ಸಾಲುವಷ್ಟು ಉದ್ದವಿತ್ತು. ಹೇಗೋ ತಡೆದುಕೊಂಡರು.

ಹೊಸ ಕೇಬಲ್ಲನ್ನು ಹಾಗೇ ತೂರಿಸಲು ನೋಡಿದರೆ ಅದು ಅರ್ಧ ಹಾದಿಯಲ್ಲಿ ಸುತ್ತಿಕೊಂಡು ನಿಲ್ಲುತ್ತಿತ್ತು. ಎಲ್ಲಿ ಸಿಕ್ಕಿಬೀಳುತ್ತಿದೆ ನೋಡೋಣವೆಂದು ಕ್ಯಾಪ್ಟನ್ನರು ಎಂಜಿನ್ ಪಕ್ಕದ ಕಿಂಡಿಯೊಳಗೆ ತಲೆ ತೂರಿಸಿದರು. ಹೆಗಲು ಹೋಯಿತು. ಹೊಟ್ಟೆ ಹೋಗಲಿಲ್ಲ, ಬರಲೂ ಇಲ್ಲ. ಬಸ್ಸಣ್ಣ ಒಂದು ಕಾಲು, ಸೋಡಾಬುಡ್ಡಿ ಒಂದು ಕಾಲು ಹಿಡಿದು ತಲಾ ಒಂದು ದಿಕ್ಕಿಗೆ ಎಳೆದರು. ಪರ್‍ರೆಂದು ಸದ್ದಾಯಿತು. ಕ್ಯಾಪ್ಟನ್ನರು ಹೊರಬಂದರು, ಪ್ಯಾಂಟಿನ ಮುಕ್ಕಾಲು ಪಾಲು ಅವರ ಜೊತೆಗೆ ಬಂತು.

"ಬಿಟ್ಬಿಡಿ ಕ್ಯಾಪ್ಟನ್ರೇ" ಎಂದ ಬಸ್ಸಣ್ಣ, ದನಿಯಲ್ಲಿ ಜೇನು ತುಂಬಿಕೊಂಡು. "ಮೇಡಂಗೆ ನಾನೇ ಫೋನ್ ಮಾಡ್ಲಾ?"

"ಮುಟ್ಟಿದ್ರೆ ನೋಡು ಫೋನನ್ನ!" ಕ್ಯಾಪ್ಟನ್ನರು ಸೊಂಟಕ್ಕೆ ಟವೆಲ್ ಬಿಗಿದುಕೊಂಡು ಗುಡುಗಿದರು. "ಇವತ್ತು ಈ ಕೇಬಲ್ ಇರ್ಬೇಕು, ಇಲ್ಲ ನಾನಿರ್ಬೇಕು."

ಅದೇ ಹೊತ್ತಿಗೆ ಅವರ ಹೆಂಡತಿ ಊಟದ ಡಬ್ಬಿ ಹಿಡಿದು ಬಂದಳು. ಮನೆಯಲ್ಲೇ ಬಟ್ಟೆ ಹೊಲಿಯುವವಳು. ಟವೆಲ್ಲಿನಲ್ಲಿದ್ದ ಗಂಡನನ್ನು ಮೇಲಿಂದ ಕೆಳಗೆ ನೋಡಿ, "ಪ್ಯಾಂಟು ಆಮೇಲೆ ವಿಚಾರಿಸ್ಕೋತೀನಿ. ಮೊದ್ಲು ಇದೇನಾಗಿದೆ ಹೇಳಿ" ಎಂದಳು.

ಹೇಳಿದ್ದನ್ನೆಲ್ಲ ಕೇಳಿಸಿಕೊಂಡು ನಕ್ಕಳು. "ಪೈಜಾಮಕ್ಕೆ ಲಾಡಿ ಹಾಕೋವಾಗ ಬರೀ ಲಾಡೀನ ತೂರಿಸ್ತಾರೇನ್ರೀ? ಪಿನ್ನಿಗೆ ಕಟ್ಟಿ ತೂರಿಸ್ತಾರೆ. ಈ ಕೇಬಲ್ಲಿಗೂ ಒಂದು ಪಿನ್ನು ಬೇಕು, ಅಷ್ಟೇ."

"ದೋಣಿಯಷ್ಟು ಉದ್ದದ ಪಿನ್ನು ಎಲ್ಲಿಂದ ತರ್ತೀಯೇ?"

ಅವಳು ಮನೆಗೆ ಹೋದಳು. ಅಂಗಳದಲ್ಲಿ ಬಟ್ಟೆ ಒಣಹಾಕುವ ಉಕ್ಕಿನ ತಂತಿಯನ್ನೇ ಬಿಚ್ಚಿ ತಂದಳು. ಚುಚ್ಚಿಕೊಳ್ಳದಿರಲೆಂದು ತುದಿಯನ್ನು ಇಕ್ಕಳದಲ್ಲಿ ಪುಟ್ಟ ಕುಣಿಕೆಯಾಗಿ ಮಡಿಚಿದಳು. ಎಂಜಿನ್ ಕಡೆಯಿಂದ ತೂರಿಸುತ್ತ ಹೋದಳು. ತಡೆ ಸಿಕ್ಕಲ್ಲಿ ತಂತಿಯನ್ನು ಬೆರಳಲ್ಲಿ ಹೊರಳಿಸಿದಳು. ತಂತಿ ದಾರಿ ಹುಡುಕಿಕೊಂಡು ಹೋಗಿ ಹಿಡಿಕೆಯ ಬಳಿ ಮೂತಿ ತೋರಿಸಿತು. ಕ್ಯಾಪ್ಟನ್ನರು ಅಲ್ಲಿ ಹೊಸ ಕೇಬಲ್ಲಿನ ತುದಿಯನ್ನು ಕುಣಿಕೆಗೆ ಕಟ್ಟಿದರು. ಅವಳು ಎಳೆದಳು, ಅವರು ತಳ್ಳಿದರು. ಸೋಡಾಬುಡ್ಡಿಯ ಕತ್ತರಿಯನ್ನು ಅವಳು ಮೊದಲೇ ಕಸಿದು ಡಬ್ಬಿಯ ಚೀಲದಲ್ಲಿ ಇಟ್ಟುಕೊಂಡಿದ್ದಳು.

ಎರಡೂ ತುದಿ ಸೇರಿಸಿ, ಬೋಲ್ಟು ಬಿಗಿದು, ಕ್ಯಾಪ್ಟನ್ನರು ಎಂಜಿನ್ ಚಾಲೂ ಮಾಡಿದರು. ಬಸ್ಸಣ್ಣ ಒಂದು ಕಾಲು ದೋಣಿಯ ಹಿಂಬದಿಯಲ್ಲಿ, ಇನ್ನೊಂದು ಕಾಲು ದಡದ ಮೆಟ್ಟಿಲ ಮೇಲಿಟ್ಟು "ಹೋಗ್ಲಿ, ಹೋಗ್ಲಿ, ರೈಟ್!" ಎಂದು ಕೂಗಿದ. ಹಿಡಿಕೆ ಹಗುರವಾಗಿ ಮುಂದಕ್ಕೆ ಹೋಯಿತು. ದೋಣಿ ಹಿಂದಕ್ಕೆ ಹೋಯಿತು. ದಡಕ್ಕೆ ಢಂ ಎಂದು ಗುದ್ದಿತು. ಬಸ್ಸಣ್ಣ ಮೊಣಕಾಲು ಮಟ್ಟದ ನೀರಿನಲ್ಲಿ ಕುಳಿತಿದ್ದ, ಕೈ ಮಾತ್ರ ಇನ್ನೂ ರೈಟ್ ಕೊಡುತ್ತಿತ್ತು.

"ತಲೆಕೆಳಗಾಗಿ ಸೇರಿಸಿದೀರಾ" ಎಂದಳು ಹೆಂಡತಿ. "ಹಿಡಿಕೆ ಬುಡದಲ್ಲಿ ಆ ಕಡೆ ತೂತಿಗೆ ಹಾಕಿ."

ಹಾಕಿದರು. ಈ ಸಲ ಮುಂದೆ ಎಂದರೆ ಮುಂದೆ, ಹಿಂದೆ ಎಂದರೆ ಹಿಂದೆ. ಮಿಲ್ಲಿನ ಸೈರನ್ ಕೂಗುವಾಗ ಕ್ಯಾಪ್ಟನ್ನರು ಸೊಂಟದಲ್ಲಿ ಟವೆಲ್, ಮುಖದ ತುಂಬ ಗ್ರೀಸ್, ಎದೆಯ ತುಂಬ ಹೆಮ್ಮೆ ಹೊತ್ತು ಆಚೆ ದಡ ಮುಟ್ಟಿದ್ದರು. ಹೆಂಡತಿಯನ್ನೂ ಕರೆದುಕೊಂಡೇ ಹೋಗಿದ್ದರು. ಒದ್ದೆ ಬಟ್ಟೆಯ ಬಸ್ಸಣ್ಣ ಕರೆಯದಿದ್ದರೂ ಹತ್ತಿಕೊಂಡಿದ್ದ.

ದಡದಲ್ಲಿ ಮೇಡಂ ಖುದ್ದಾಗಿ ನಿಂತಿದ್ದರು. ದೋಣಿ ಹತ್ತಿ, ಹಿಡಿಕೆಯನ್ನು ಒಂದೇ ಬೆರಳಿನಲ್ಲಿ ಆಡಿಸಿ ನೋಡಿದರು. ಬೆಣ್ಣೆಯಿಂದ ಕೂದಲು ತೆಗೆದಂತೆ ಅದು ಸಲೀಸಾಗಿ ಆಡಿತು.

"ಹೊಸದಾಗಿದ್ದಾಗ್ಲೂ ಇಷ್ಟು ನಯ ಇರ್ಲಿಲ್ಲ! ಯಾರು ಮಾಡಿದ್ದು?"

"ನಾನೇ ಮೇಡಂ" ಎಂದರು ಕ್ಯಾಪ್ಟನ್ನರು. ಬಸ್ಸಣ್ಣ ಬಾಯಿ ತೆರೆಯುವ ಮುಂಚೆಯೇ ಇನ್ನೊಮ್ಮೆ ಹೇಳಿದರು, "ಮೊದಲಿಂದ ಕೊನೆವರೆಗೂ ನಾನೇ. ಬೇರೆಯವರು ಕೈ ಹಾಕಿಲ್ಲ."

"ಭೇಷ್! ನನ್ನ ತಲೆನೋವು ಕಳೀತು ನೋಡಿ. ನಮ್ಮ ಮೆಕ್ಯಾನಿಕ್ ರಜ ಹಾಕಿಲ್ಲ, ಕೆಲಸಾನೇ ಬಿಟ್ಟಿದ್ದಾನೆ. ಇರೋ ದೋಣಿಗಳಲ್ಲೆಲ್ಲ ಕೇಬಲ್ ಬಿಗಿ ಹಿಡೀತಿದೆ. ನಾಳೆಯಿಂದ ನೀವೇ ಮೆಕ್ಯಾನಿಕ್."

ಕ್ಯಾಪ್ಟನ್ನರ ಕೈ ಹಿಡಿಕೆಯ ಮೇಲೆ ಗಟ್ಟಿಯಾಯಿತು. "ಮತ್ತೆ... ಈ ಸೀಟು?"

"ಸೀಟಿಗೇನ್ರೀ, ಯಾರಾದ್ರೂ ಕೂರ್ತಾರೆ. ಇಂಥ ಕೈ ಎಲ್ಲಿ ಸಿಗತ್ತೆ? ಬಸ್ಸಣ್ಣೋರೇ, ನಾಳೆಯಿಂದ ನೀವು ಓಡ್ಸಿ."

ಬಸ್ಸಣ್ಣನ ಮುಖ ಊರಗಲವಾಯಿತು. "ಕ್ಯಾಪ್ಟನ್ರು ಹೇಳಿದ್ದು ನಿಜ ಮೇಡಂ. ನಾನಂತೂ ಬೆರಳೂ ಮುಟ್ಟಿಸಿಲ್ಲ" ಎಂದ.

ಕ್ಯಾಪ್ಟನ್ನರಿಗೆ ಇನ್ನು ಉಳಿದಿದ್ದು ಒಂದೇ ದಾರಿ, ನಿಜ ಹೇಳುವುದು. "ಮೇಡಂ, ತಪ್ಪು ತಿಳೀಬೇಡಿ. ನನಗೆ ಈ ಕೆಲಸದ ಗಂಧಗಾಳೀನೂ ಇಲ್ಲ. ಕೇಬಲ್ ತೂರಿಸಿದ್ದು ಇವಳು. ದೋಣಿ ಹಿಂದಕ್ಕೆ ಓಡಿದಾಗ ತೂತು ತೋರ್ಸಿದ್ದೂ ಇವಳೇ. ನಾನು ಬರೀ ಕಟ್ಟು ಅಂದಾಗ ಕಟ್ಟಿದೆ, ತಳ್ಳು ಅಂದಾಗ ತಳ್ಳಿದೆ. ದಯವಿಟ್ಟು ನನ್ನ ಸೀಟಲ್ಲೇ ನನ್ನ ಬಿಟ್ಬಿಡಿ."

ಮೇಡಂ ಹೆಂಡತಿಯ ಕಡೆ ತಿರುಗಿದರು. "ಹೌದೇನಮ್ಮ?"

"ಹೊಲಿಗೆ ಮಷೀನ್ ಬಿಚ್ಚಿ ಬಿಚ್ಚಿ ಅಭ್ಯಾಸ ಇದೆ ಮೇಡಂ" ಎಂದಳು ಅವಳು.

"ಹಾಗಾದ್ರೆ ಇನ್ನೂ ಒಳ್ಳೇದಾಯ್ತು. ನೀವು ಮೆಕ್ಯಾನಿಕ್. ಕಟ್ಟು ಅಂದ್ರೆ ಕಟ್ಟೋರು, ತಳ್ಳು ಅಂದ್ರೆ ತಳ್ಳೋರು ಒಬ್ರು ಬೇಕೇ ಬೇಕಲ್ಲ? ಇವರು ನಿಮ್ಮ ಅಸಿಸ್ಟೆಂಟ್. ಪಕ್ಕದ ದೋಣೀದು ಈಗ್ಲೇ ಒಂದು ಸಲ ನೋಡ್ತೀರಾ? ಬಸ್ಸಣ್ಣೋರು ಈ ಟ್ರಿಪ್ಪಿಂದ್ಲೇ ಓಡಿಸ್ಲಿ."

ಹೆಂಡತಿ ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು ಪಕ್ಕದ ದೋಣಿಗೆ ದಾಟಿದಳು. ಈಚೆ ದೋಣಿಯಲ್ಲಿ ಬಸ್ಸಣ್ಣ ಹಾರನ್ ಒತ್ತಿ "ಎಲ್ಲಾ ಕೂತ್ಕೊಳ್ಳಿ!" ಎಂದ. ಜನ ತೊಪ್ಪನೆ ಕೂತರು. ದೋಣಿ ನುಣ್ಣಗೆ ಹೊರಟಿತು.

"ರೀ" ಎಂದು ಪಕ್ಕದ ದೋಣಿಯ ಕಿಂಡಿಯೊಳಗಿಂದ ದನಿ ಬಂತು. "ಅಲ್ಲೇನು ನೋಡ್ತಾ ನಿಂತ್ರಿ? ಬೇಗ ಬಂದು ಟಾರ್ಚ್ ಹಿಡೀರಿ."

ಕ್ಯಾಪ್ಟನ್ನರು ಟವೆಲ್ ಬಿಗಿದುಕೊಂಡು ಹೋಗಿ ಟಾರ್ಚ್ ಹಿಡಿದರು.

"ಆ ಕಡೆ ಅಲ್ಲ, ಈ ಕಡೆ."

ಈ ಕಡೆ ಹಿಡಿದರು.